ಟರ್ಬೊ ಎಂಜಿನ್‌ಗೆ ಆಯಿಲ್ ಸೆಪರೇಟರ್: ಹಾಕಿಸುವ ಮೊದಲು, ಹಾಕಿಸುವಾಗ

ಪ್ರಶ್ನೆ: ನನ್ನದು 2 ಲೀಟರ್ ಟರ್ಬೊ ಪೆಟ್ರೋಲ್ ಕಾರು, ಡೈರೆಕ್ಟ್ ಇಂಜೆಕ್ಷನ್. 70,000 ಕಿಲೋಮೀಟರ್ ಓಡಿದೆ. ಈಚೆಗೆ ಇಂಟರ್‌ಕೂಲರ್ (ಟರ್ಬೊ ಕಳಿಸುವ ಬಿಸಿ ಗಾಳಿಯನ್ನು ತಂಪು ಮಾಡುವ ಭಾಗ) ಪೈಪ್ ಬಿಚ್ಚಿದಾಗ ಒಳಗೆಲ್ಲ ಆಯಿಲ್ ಜಿಡ್ಡು ಕಂಡಿತು. ಒಬ್ಬರು ಆಯಿಲ್ ಹಿಡಿದಿಟ್ಟುಕೊಳ್ಳುವ ಡಬ್ಬಿ, ಅಂದರೆ ಕ್ಯಾಚ್ ಕ್ಯಾನ್ ಹಾಕಿಸಿ ಅಂತಾರೆ. ಇನ್ನೊಬ್ಬರು ಅದು ಬೇಡ, ಆಯಿಲನ್ನು ಬೇರ್ಪಡಿಸಿ ವಾಪಸ್ ಎಂಜಿನ್‌ಗೇ ಬಿಡುವ ಸೆಪರೇಟರ್ ಹಾಕಿಸಿ ಅಂತಾರೆ. ನಿಜಕ್ಕೂ ಬೇಕಾ? ಯಾವುದು ಒಳ್ಳೆಯದು? ನಾನೇ ಜೋಡಿಸಬಹುದಾ?

ಉತ್ತರ: ಮೊದಲು ಸಮಾಧಾನದ ಮಾತು. ಟರ್ಬೊ ಕಾರಿನ ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ಪಸೆ ಇರುವುದು ಸಹಜ. ಒರೆಸಿದರೆ ಬೆರಳು ಜಿಡ್ಡಾಗುತ್ತದೆ ಅನ್ನುವಷ್ಟೇ ಆದರೆ ಗಾಬರಿ ಬೇಡ. ಪೈಪ್ ಬಗ್ಗಿಸಿದಾಗ ಆಯಿಲ್ ಸುರಿದರೆ, ಇಂಟರ್‌ಕೂಲರ್ ತಳದಲ್ಲಿ ಅರ್ಧ ಲೋಟ ನಿಂತಿದ್ದರೆ ಅದು ಬೇರೆ ವಿಷಯ. ನೀವು ಜಿಡ್ಡು ಅಂತ ಬರೆದಿದ್ದೀರಿ, ನಿಂತಿತ್ತು ಅಂತ ಬರೆದಿಲ್ಲ. ಹಾಗಾಗಿ ನಿಮ್ಮ ಎಂಜಿನ್ ಚೆನ್ನಾಗಿಯೇ ಇದೆ ಅಂದುಕೊಂಡು ಉತ್ತರಿಸುತ್ತೇನೆ. ಆದರೂ ಮುಂದೆ ಹೇಳುವ ಪರೀಕ್ಷೆಗಳನ್ನು ದಯವಿಟ್ಟು ಬಿಡಬೇಡಿ.

ಈ ಆಯಿಲ್ ಎಲ್ಲಿಂದ ಬರುತ್ತದೆ? ಪಿಸ್ಟನ್ ರಿಂಗುಗಳು ಎಷ್ಟೇ ಹೊಸದಾಗಿದ್ದರೂ ನೂರಕ್ಕೆ ನೂರು ಬಿಗಿಯಾಗಿ ಕೂರುವುದಿಲ್ಲ. ಪ್ರತಿ ಸಲ ಇಂಧನ ಉರಿದಾಗಲೂ ಸ್ವಲ್ಪ ಗ್ಯಾಸ್ ರಿಂಗ್ ದಾಟಿ ಕೆಳಗೆ, ಕ್ರ್ಯಾಂಕ್‌ಕೇಸ್ (ಕ್ರ್ಯಾಂಕ್ ಶಾಫ್ಟ್ ತಿರುಗುವ ಎಂಜಿನ್ ಕೆಳಭಾಗದ ಗೂಡು) ಒಳಕ್ಕೆ ನುಗ್ಗುತ್ತದೆ. ಇದಕ್ಕೆ ಬ್ಲೋ-ಬೈ ಅನ್ನುತ್ತಾರೆ. ಅದರಲ್ಲಿ ಉರಿಯದ ಪೆಟ್ರೋಲ್ ಇರುತ್ತದೆ, ಹೊಗೆ ಇರುತ್ತದೆ, ನೀರಿನ ಆವಿಯಂತೂ ಬೇಕಾದಷ್ಟು ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಹುಟ್ಟುತ್ತದೆ. ಬಹುಪಾಲು ಸೈಲೆನ್ಸರ್‌ನಿಂದ ಆವಿಯಾಗಿ ಹೋಗುತ್ತದೆ. ಒಂದು ಪಾಲು ರಿಂಗ್ ದಾಟಿ ಕೆಳಗಿಳಿಯುತ್ತದೆ. ಕೆಳಗೆ ಕ್ರ್ಯಾಂಕ್ ಶಾಫ್ಟ್ ಮಿಕ್ಸಿಯ ಬ್ಲೇಡಿನ ಹಾಗೆ ತಿರುಗುತ್ತಾ ಆಯಿಲನ್ನು ಸಣ್ಣ ಹನಿಗಳಾಗಿ ಎರಚುತ್ತಿರುತ್ತದೆ. ಗ್ಯಾಸು, ನೀರು, ಆಯಿಲ್ ಮೂರೂ ಬೆರೆತು ಮಂಜಿನಂತಾಗುತ್ತದೆ.

ಈ ಮಂಜು ಹೊರಗೆ ಹೋಗಲೇಬೇಕು. ಹೋಗದಿದ್ದರೆ ಒಳಗೆ ಒತ್ತಡ ಏರಿ, ಸೀಲುಗಳಿಂದ ಆಯಿಲ್ ಒಸರುತ್ತದೆ. ಹಳೆಯ ಕಾಲದ ಕಾರುಗಳಲ್ಲಿ ಒಂದು ಕೊಳವೆ ಇಟ್ಟು ಇದನ್ನು ಸೀದಾ ರಸ್ತೆಗೆ ಬಿಡುತ್ತಿದ್ದರು. 1960ರ ದಶಕದ ಶುರುವಿನಲ್ಲಿ, ಕ್ಯಾಲಿಫೋರ್ನಿಯಾದಿಂದ ಆರಂಭವಾಗಿ, ಇದನ್ನು ವಾಪಸ್ ಇನ್‌ಟೇಕ್‌ಗೆ, ಅಂದರೆ ಎಂಜಿನ್ ಗಾಳಿ ಎಳೆದುಕೊಳ್ಳುವ ಹಾದಿಗೆ ಕಳಿಸಿ ಸುಡುವ ಪದ್ಧತಿ ಬಂತು. ಅದೇ ಪಿಸಿವಿ, ಪಾಸಿಟಿವ್ ಕ್ರ್ಯಾಂಕ್‌ಕೇಸ್ ವೆಂಟಿಲೇಷನ್. ಗಾಳಿಗೆ ಇದರಿಂದ ಒಳ್ಳೆಯದೇ ಆಯಿತು. ಎಂಜಿನ್‌ಗೂ ಒಳ್ಳೆಯದಾಯಿತು, ಏಕೆಂದರೆ ಒಳಗಿನ ನೀರು ಮತ್ತು ಪೆಟ್ರೋಲ್ ಆವಿಯನ್ನು ಎಳೆದು ತೆಗೆದರೆ ಆಯಿಲ್ ಬೇಗ ಕೆಡುವುದಿಲ್ಲ. ಆದರೆ ಮಂಜಿನ ಜೊತೆ ಆಯಿಲ್ ಹನಿಗಳೂ ಇನ್‌ಟೇಕ್‌ಗೆ ಬರುತ್ತವೆ. ನೀವು ಪೈಪಿನಲ್ಲಿ ಕಂಡ ಜಿಡ್ಡು ಇದೇ.

ಟರ್ಬೊ ಇಲ್ಲದ ಎಂಜಿನ್‌ನಲ್ಲಿ ಈ ಗ್ಯಾಸ್‌ನ ಹಾದಿ ಸರಳ. ಗಾಳಿಯನ್ನು ಸಿಲಿಂಡರ್‌ಗಳಿಗೆ ಹಂಚುವ ಮ್ಯಾನಿಫೋಲ್ಡ್‌ನಲ್ಲಿ ಸದಾ ಸ್ವಲ್ಪವಾದರೂ ಎಳೆತ ಇರುತ್ತದೆ, ಅದು ಪಿಸಿವಿ ವಾಲ್ವ್ ಮೂಲಕ ಗ್ಯಾಸನ್ನು ಹೀರಿಕೊಳ್ಳುತ್ತದೆ. ಟರ್ಬೊದಲ್ಲಿ ಹಾಗಲ್ಲ. ಇಲ್ಲಿ ಎರಡು ಹಾದಿಗಳಿವೆ. ನಿಧಾನವಾಗಿ ಹೋಗುವಾಗ, ಐಡ್ಲಿಂಗ್‌ನಲ್ಲಿ, ಮ್ಯಾನಿಫೋಲ್ಡ್‌ನಲ್ಲಿ ವ್ಯಾಕ್ಯೂಮ್ ಇರುತ್ತದೆ. ಆಗ ಗ್ಯಾಸ್ ಪಿಸಿವಿ ವಾಲ್ವ್ ದಾಟಿ ಮ್ಯಾನಿಫೋಲ್ಡ್‌ಗೆ ಹೋಗುತ್ತದೆ. ಅನೇಕ ಎಂಜಿನ್‌ಗಳಲ್ಲಿ ಅದೇ ಹೊತ್ತಿಗೆ ಇನ್ನೊಂದು ಹೋಸ್‌ನಿಂದ, ಅಂದರೆ ಬ್ರೀದರ್ ಹೋಸ್‌ನಿಂದ, ಶುದ್ಧ ಗಾಳಿ ಒಳಗೆ ಬರುತ್ತದೆ. ಆಕ್ಸಿಲರೇಟರ್ ಒತ್ತಿದಿರಿ, ಬೂಸ್ಟ್ ಬಂತು, ಅಂದರೆ ಟರ್ಬೊ ಗಾಳಿಯನ್ನು ಒತ್ತಿ ತುಂಬತೊಡಗಿತು. ಈಗ ಮ್ಯಾನಿಫೋಲ್ಡ್‌ನಲ್ಲಿ ಹೊರಗಿನ ಗಾಳಿಗಿಂತ ಜಾಸ್ತಿ ಒತ್ತಡ. ಪಿಸಿವಿ ವಾಲ್ವ್ ಮುಚ್ಚಿಕೊಳ್ಳುತ್ತದೆ. ಬ್ಲೋ-ಬೈ ಕೂಡ ಈ ಹೊತ್ತಿನಲ್ಲೇ ಅತಿ ಹೆಚ್ಚು. ಅದು ಬ್ರೀದರ್ ಹೋಸ್‌ನಲ್ಲಿ ಹಿಮ್ಮುಖವಾಗಿ ಹರಿದು, ಏರ್ ಫಿಲ್ಟರ್ ಮತ್ತು ಟರ್ಬೊ ನಡುವಿನ ಪೈಪ್ ಸೇರುತ್ತದೆ. ಅಲ್ಲಿಂದ ಟರ್ಬೊ, ಆಮೇಲೆ ಇಂಟರ್‌ಕೂಲರ್.

ಈ ಎರಡು ಹಾದಿಗಳನ್ನು ಮನಸ್ಸಿನಲ್ಲಿ ಚೆನ್ನಾಗಿ ಕೂರಿಸಿಕೊಳ್ಳಿ. ಸೆಪರೇಟರ್ ಜೋಡಿಸುವಾಗ ಆಗುವ ತಪ್ಪುಗಳಲ್ಲಿ ಬಹಳಷ್ಟು ಇದು ಗೊತ್ತಿಲ್ಲದೆ ಆಗುವಂಥವು. ಪಿಸಿವಿ ಹಾದಿಯಲ್ಲಿ ಮಾತ್ರ ಕ್ಯಾನ್ ಹಾಕಿದರೆ ಸಿಲಿಂಡರ್‌ಗೆ ಗಾಳಿ ಬಿಡುವ ಇನ್‌ಟೇಕ್ ವಾಲ್ವ್‌ಗಳ ಮೇಲೆ ಆಯಿಲ್ ಕೂರುವುದು ಕಡಿಮೆಯಾಗುತ್ತದೆ. ಆದರೆ ಇಂಟರ್‌ಕೂಲರ್ ಜಿಡ್ಡು ಹಾಗೇ ಇರುತ್ತದೆ. ಏಕೆಂದರೆ ಅದು ಬಂದದ್ದು ಇನ್ನೊಂದು ಹಾದಿಯಿಂದ. ಕ್ಯಾನ್ ಹಾಕಿಸಿದರೂ ಏನೂ ಪ್ರಯೋಜನ ಆಗಲಿಲ್ಲ ಎಂದು ದೂರುವವರ ಕಾರಿನ ಬಾನೆಟ್ ತೆರೆದು ನೋಡಿದರೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ.

ಇಷ್ಟಕ್ಕೂ ಆ ಆಯಿಲ್ ಇನ್‌ಟೇಕ್‌ಗೆ ಹೋದರೆ ಏನಂತೆ? ಮೂರು ತೊಂದರೆಗಳಿವೆ. ನಿಮ್ಮಂಥ ಡೈರೆಕ್ಟ್ ಇಂಜೆಕ್ಷನ್ ಎಂಜಿನ್‌ಗೆ ಮುಖ್ಯವಾದದ್ದು ಇನ್‌ಟೇಕ್ ವಾಲ್ವ್‌ಗಳ ಮೇಲೆ ಕಟ್ಟುವ ಇಂಗಾಲ. ಹಳೆಯ ಬಗೆಯ ಎಂಜಿನ್‌ಗಳಲ್ಲಿ ಪೆಟ್ರೋಲ್ ವಾಲ್ವ್‌ನ ಹಿಂಬದಿಗೆ ಸಿಂಪಡಿಸುತ್ತಿತ್ತು, ಅದೇ ವಾಲ್ವನ್ನು ತೊಳೆಯುತ್ತಿತ್ತು. ಈಗ ಪೆಟ್ರೋಲ್ ಸೀದಾ ಸಿಲಿಂಡರ್ ಒಳಗೆ ಬೀಳುತ್ತದೆ. ವಾಲ್ವ್ ತೊಳೆಯುವವರು ಯಾರೂ ಇಲ್ಲ. ಬಂದ ಆಯಿಲ್ ಬಿಸಿ ವಾಲ್ವ್ ಮೇಲೆ ಸುಟ್ಟು, ಪದರ ಪದರವಾಗಿ ಗಟ್ಟಿಯಾಗುತ್ತದೆ. ಗಾಳಿಯ ಹಾದಿ ಇಕ್ಕಟ್ಟಾಗುತ್ತದೆ, ಐಡ್ಲಿಂಗ್ ನಡುಗುತ್ತದೆ. ಕೊನೆಗೆ ಮ್ಯಾನಿಫೋಲ್ಡ್ ಬಿಚ್ಚಿ, ಅಕ್ರೋಟು ಚಿಪ್ಪಿನ ಪುಡಿಯನ್ನು ಗಾಳಿಯ ಒತ್ತಡದಲ್ಲಿ ಬೀಸಿ ಕೆರೆದು ತೆಗೆಯಬೇಕಾಗುತ್ತದೆ. ಟೊಯೊಟಾದ ಡಿ-4ಎಸ್‌ನಂಥ ವ್ಯವಸ್ಥೆಯಲ್ಲಿ ಎರಡೂ ಕಡೆ ಇಂಜೆಕ್ಟರ್ ಇರುವುದರಿಂದ ಈ ಕಾಟ ಬಹಳ ಕಡಿಮೆ.

ಎರಡನೆಯದು ನಾಕಿಂಗ್, ಅಂದರೆ ಸ್ಪಾರ್ಕ್ ಹೊತ್ತಿಸಿದ ಜ್ವಾಲೆ ತಲುಪುವ ಮೊದಲೇ ಮಿಶ್ರಣ ತಾನಾಗೇ ಸಿಡಿಯುವುದು. ಎಂಜಿನ್ ಆಯಿಲ್‌ನ ಆಕ್ಟೇನ್ (ಹಾಗೆ ಸಿಡಿಯದೆ ತಡೆಯುವ ಗುಣ) ಪೆಟ್ರೋಲ್‌ಗಿಂತ ತುಂಬಾ ಕಡಿಮೆ. ಗಾಳಿಯ ಜೊತೆ ಆಯಿಲ್ ಸೇರಿದರೆ ಮಿಶ್ರಣ ಹಾಗೆ ಸಿಡಿಯುವ ಸಂಭವ ಹೆಚ್ಚು. ಎಂಜಿನ್ ಕಂಪ್ಯೂಟರ್ ಅದನ್ನು ಗ್ರಹಿಸಿ ಸ್ಪಾರ್ಕ್ ಕೊಡುವ ಹೊತ್ತನ್ನು ತಡ ಮಾಡುತ್ತದೆ, ಶಕ್ತಿ ಇಳಿಯುತ್ತದೆ. ಸಣ್ಣ ಟರ್ಬೊ ಎಂಜಿನ್‌ಗಳಲ್ಲಿ ಕಡಿಮೆ ಆರ್‌ಪಿಎಂನಲ್ಲಿ ಜೋರಾಗಿ ಎಳೆದಾಗ ಆಗುವ ಪ್ರೀ-ಇಗ್ನಿಷನ್ (ಸ್ಪಾರ್ಕ್‌ಗೂ ಮೊದಲೇ ಹೊತ್ತಿಕೊಳ್ಳುವುದು) ಇನ್ನೂ ಅಪಾಯದ್ದು, ಪಿಸ್ಟನ್ನನ್ನೇ ಒಡೆಯಬಲ್ಲದು. ಅದಕ್ಕೂ ಆಯಿಲ್ ಹನಿಗಳಿಗೂ ನಂಟಿದೆ. ಅದನ್ನು ತಡೆಯಲೆಂದು 2018ರಲ್ಲಿ ಎಪಿಐ (ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್) ಎಸ್‌ಎನ್ ಪ್ಲಸ್, 2020ರಲ್ಲಿ ಎಪಿಐ ಎಸ್‌ಪಿ ದರ್ಜೆಯ ಆಯಿಲ್‌ಗಳು ಬಂದವು. ನಿಮ್ಮ ಕಾರಿಗೆ ಹಾಕುವ ಆಯಿಲ್ ಡಬ್ಬದ ಮೇಲೆ ಎಸ್‌ಪಿ ಅಂತ ಇದೆಯಾ ಅಂತ ಇವತ್ತೇ ನೋಡಿ. ಸೆಪರೇಟರ್‌ಗಿಂತ ಮೊದಲು ಮಾಡಬೇಕಾದ ಕೆಲಸ ಅದು. ಮೂರನೆಯದು ಸಣ್ಣದು: ಇಂಟರ್‌ಕೂಲರ್ ಒಳಗೆ ಆಯಿಲ್ ಪದರ ಕೂತರೆ ಅದು ಗಾಳಿಯನ್ನು ತಂಪು ಮಾಡುವುದು ಸ್ವಲ್ಪ ಕುಗ್ಗುತ್ತದೆ.

ಸೆಪರೇಟರ್ ಹಾಕಿದರೆ ವಾಲ್ವ್ ಮೇಲೆ ಇಂಗಾಲ ಕಟ್ಟುವುದೇ ಇಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ವಾಲ್ವ್ ಸ್ಟೆಮ್ ಸೀಲ್‌ಗಳಿಂದಲೂ ಆಯಿಲ್ ಇಳಿಯುತ್ತದೆ. ಸಿಲಿಂಡರ್‌ನಿಂದ ಸುಟ್ಟ ಗ್ಯಾಸ್ ವಾಪಸ್ ಬರುವುದರಿಂದಲೂ ಮಸಿ ಕೂರುತ್ತದೆ. ಸೆಪರೇಟರ್ ಅದನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ.

ಈಗ ನಾನು ಎಲ್ಲಕ್ಕಿಂತ ಒತ್ತಿ ಹೇಳಬೇಕಾದ ಮಾತು. ಸೆಪರೇಟರ್ ಕೂರುವುದು ಎಂಜಿನ್ ಉಸಿರಾಡುವ ಹಾದಿಯಲ್ಲಿ. ಅದು ಎಷ್ಟು ಆಯಿಲ್ ಹಿಡಿಯುತ್ತದೆ ಎನ್ನುವುದು ಎರಡನೆಯ ಪ್ರಶ್ನೆ. ಉಸಿರನ್ನು ಎಷ್ಟು ಸಲೀಸಾಗಿ ಬಿಡುತ್ತದೆ ಎನ್ನುವುದು ಮೊದಲನೆಯದು. ಟರ್ಬೊ ಎಂಜಿನ್‌ನಲ್ಲಿ ಇದಕ್ಕೆ ವಿಶೇಷ ಕಾರಣವಿದೆ. ಟರ್ಬೊ ಬೇರಿಂಗ್‌ಗೆ ಆಯಿಲ್ ಒತ್ತಡದಲ್ಲಿ ಬರುತ್ತದೆ. ಆದರೆ ವಾಪಸ್ ಸಂಪ್‌ಗೆ (ಎಂಜಿನ್ ತಳದ ಆಯಿಲ್ ತೊಟ್ಟಿಗೆ) ಇಳಿಯುವುದು ಬರೀ ತನ್ನ ಭಾರದಿಂದ. ಅದಕ್ಕೇ ಡ್ರೈನ್ ಪೈಪ್ ಅಷ್ಟು ದಪ್ಪ ಇರುತ್ತದೆ. ಕ್ರ್ಯಾಂಕ್‌ಕೇಸ್ ಒಳಗೆ ಒತ್ತಡ ಏರಿದರೆ ಈ ಆಯಿಲ್ ಕೆಳಗಿಳಿಯಲಾರದೆ ಟರ್ಬೊ ಒಳಗೇ ತುಂಬಿಕೊಳ್ಳುತ್ತದೆ. ಟರ್ಬೊ ಸೀಲುಗಳು ರಬ್ಬರ್ ಸೀಲುಗಳಲ್ಲ. ಪಿಸ್ಟನ್ ರಿಂಗಿನಂಥ ಸಣ್ಣ ಲೋಹದ ಉಂಗುರಗಳು. ಒಳಗೆ ಆಯಿಲ್ ನಿಂತರೆ ಅವು ತಡೆಯಲಾರವು. ಆಯಿಲ್ ಒಂದು ಕಡೆ ಇನ್‌ಟೇಕ್‌ಗೂ ಇನ್ನೊಂದು ಕಡೆ ಎಕ್ಸಾಸ್ಟ್‌ಗೂ ನುಗ್ಗುತ್ತದೆ, ನೀಲಿ ಹೊಗೆ ಬರುತ್ತದೆ. ಅಂದರೆ ಇಕ್ಕಟ್ಟಾದ ಸೆಪರೇಟರ್ ಹಾಕಿದರೆ, ಯಾವ ಆಯಿಲನ್ನು ತಡೆಯಲು ಹೊರಟಿರೋ ಅದನ್ನೇ ಜಾಸ್ತಿ ಮಾಡಿಕೊಳ್ಳುತ್ತೀರಿ.

ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ಹಲವು ವರ್ಷಗಳ ಹಿಂದೆ ಪರಿಚಯದವರ ಟರ್ಬೊ ಕಾರಿಗೆ ನಾನೇ ಕ್ಯಾಚ್ ಕ್ಯಾನ್ ಜೋಡಿಸಿದ್ದೆ. ಕ್ಯಾನ್ ಚೆನ್ನಾಗಿತ್ತು. ಹೋಸ್ ಕೈಗೆ ಸಿಕ್ಕಿದ್ದನ್ನು ಹಾಕಿದ್ದೆ, ಹೀಟರ್‌ಗೆ ಬಳಸುವ ಕೂಲೆಂಟ್ ಹೋಸ್. ಮೂರು ತಿಂಗಳಲ್ಲಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಸೇರುವ ಜಾಗದಿಂದ ಆಯಿಲ್ ತೊಟ್ಟಿಕ್ಕಲು ಶುರುವಾಯಿತು. ಹೋಸ್ ಬಿಚ್ಚಿ ನೋಡಿದೆ. ಒಳಗೆ ಊದಿಕೊಂಡು, ಮೆತ್ತಗಾಗಿ, ಬಾಗಿನಲ್ಲಿ ಚಪ್ಪಟೆಯಾಗಿ ಅಂಟಿಕೊಂಡಿತ್ತು. ಎಂಜಿನ್ ಉಸಿರು ಕಟ್ಟಿ, ಹಿಂದಿನ ಕ್ರ್ಯಾಂಕ್ ಸೀಲ್ ಮೂಲಕ ದಾರಿ ಮಾಡಿಕೊಂಡಿತ್ತು. ಆ ಸೀಲ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾಯಿತು. ಒಂದು ಅಡಿ ಹೋಸ್ ವಿಷಯದಲ್ಲಿ ನಾನು ತೋರಿದ ಅಸಡ್ಡೆಗೆ ಅವರು ದಂಡ ತೆತ್ತರು. ಇವತ್ತಿಗೂ ಅದು ಮನಸ್ಸಿಗೆ ಚುಚ್ಚುತ್ತದೆ.

ಹಾಗಾಗಿ ಹೋಸ್‌ನಿಂದಲೇ ಶುರು ಮಾಡೋಣ. ಕೂಲೆಂಟ್ ಹೋಸ್‌ಗಳನ್ನು ಸಾಮಾನ್ಯವಾಗಿ ಇಪಿಡಿಎಂ ರಬ್ಬರ್‌ನಿಂದ ಮಾಡುತ್ತಾರೆ. ಅದು ಬಿಸಿ ನೀರಿಗೆ ಗಟ್ಟಿಗ, ಆಯಿಲ್ ತಾಗಿದರೆ ಊದಿಕೊಳ್ಳುತ್ತದೆ. ನಿಮಗೆ ಬೇಕಾದದ್ದು ನೈಟ್ರೈಲ್ ಅಥವಾ ಫ್ಲೋರೋ ರಬ್ಬರ್ ಒಳಪದರದ ಹೋಸ್, ಆಯಿಲ್ ಮತ್ತು ಪೆಟ್ರೋಲ್ ಆವಿ ಎರಡನ್ನೂ ತಡೆಯುವಂಥದ್ದು. ಬರೀ ಸಿಲಿಕೋನ್ ಹೋಸ್ ನೋಡಲು ಚೆಂದ, ಆದರೆ ಒಳಪದರ ಇಲ್ಲದಿದ್ದರೆ ಆಯಿಲ್ ಅದರ ಮೈಯಿಂದ ಬೆವರಿನಂತೆ ಹೊರಗೆ ಬರುತ್ತದೆ. ಗೋಡೆ ದಪ್ಪ ಇರಬೇಕು, ವ್ಯಾಕ್ಯೂಮ್ ಎಳೆದಾಗ ಮುದುಡಬಾರದು. ಬಾಗುಗಳು ದೊಡ್ಡದಾಗಿ, ಹದವಾಗಿ ತಿರುಗಬೇಕು.

ಅಳತೆಯಲ್ಲಿ ರಾಜಿ ಬೇಡ. ಕಂಪನಿ ಹೋಸ್‌ನ ಒಳ ಅಳತೆಗಿಂತ ಎಲ್ಲೂ ಚಿಕ್ಕದಾಗಬಾರದು. ಪಿಸಿವಿ ಕಡೆ ಸಾಮಾನ್ಯವಾಗಿ 10 ಮಿಲಿಮೀಟರ್ ಆಸುಪಾಸು, ಬ್ರೀದರ್ ಕಡೆ 16ರಿಂದ 19 ಮಿಲಿಮೀಟರ್ ಇರುತ್ತದೆ. ಒಳ ಅಳತೆ ಅರ್ಧವಾದರೆ ದಾರಿ ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದು ನೆನಪಿರಲಿ. ಕ್ಯಾನ್‌ಗೆ ಬರುವ ಫಿಟ್ಟಿಂಗ್‌ಗಳ ಬಗ್ಗೆ ವಿಶೇಷ ಎಚ್ಚರ. ಹೊರಗಿನಿಂದ ದಪ್ಪಗೆ ಕಾಣುತ್ತವೆ, ಒಳಗಿನ ತೂತು ನೋಡಿದರೆ ಪೆನ್ಸಿಲ್ ತೂರದಷ್ಟು ಸಣ್ಣದಿರುತ್ತದೆ. ಡ್ರಿಲ್ ಬಿಟ್‌ನ ಹಿಂದಿನ ತುದಿಯನ್ನು ತೂರಿಸಿ ಅಳೆಯಿರಿ. ನಾನು ಯಾವ ಕ್ಯಾನ್ ಕೈಗೆ ಬಂದರೂ ಮೊದಲು ಮಾಡುವ ಕೆಲಸ ಇದು.

ಕ್ಯಾಚ್ ಕ್ಯಾನ್ ಮತ್ತು ಸೆಪರೇಟರ್ ಎರಡರದ್ದೂ ತತ್ವ ಒಂದೇ. ಗ್ಯಾಸ್ ಸಣ್ಣ ಪೈಪಿನಿಂದ ಅಗಲವಾದ ಡಬ್ಬಿಗೆ ಬಂದಾಗ ವೇಗ ಇಳಿಯುತ್ತದೆ. ಒಳಗಿನ ತಡೆಗೋಡೆಗಳಿಗೆ, ಜಾಲರಿಗೆ ಬಡಿದು ತಿರುಗುವಾಗ ಭಾರದ ಹನಿಗಳು ತಿರುಗಲಾರದೆ ಅಲ್ಲೇ ಅಂಟುತ್ತವೆ. ಸಣ್ಣ ಹನಿಗಳು ಒಂದಕ್ಕೊಂದು ಸೇರಿ ದೊಡ್ಡದಾಗಿ ಕೆಳಗೆ ಇಳಿಯುತ್ತವೆ. ಒಳಗೆ ಏನೂ ಇಲ್ಲದ ಖಾಲಿ ಡಬ್ಬಿಯಲ್ಲಿ ಇದು ನಡೆಯುವುದಿಲ್ಲ. ಒಂದು ಕಡೆ ಬಂದ ಮಂಜು ಇನ್ನೊಂದು ಕಡೆ ಹಾಗೇ ಹೋಗುತ್ತದೆ. ಹೊಳೆಯುವ ಬಣ್ಣ ನೋಡಿ ಕೊಳ್ಳಬೇಡಿ, ಮುಚ್ಚಳ ಬಿಚ್ಚಿ ಒಳಗೆ ನೋಡಿ ಕೊಳ್ಳಿ. ಹಾಗಂತ ಒಳಗೆ ಸ್ಟೀಲ್ ನಾರು ತುರುಕಿ ಗಿಡಿದು ತುಂಬುವುದೂ ಬೇಡ. ಅದು ಉಸಿರು ಕಟ್ಟಿಸುತ್ತದೆ, ಸಡಿಲವಾದ ಎಳೆ ಎಂಜಿನ್‌ಗೂ ಹೋಗಬಹುದು.

ವ್ಯತ್ಯಾಸ ಇರುವುದು ಹಿಡಿದ ಆಯಿಲನ್ನು ಏನು ಮಾಡುತ್ತದೆ ಅನ್ನುವುದರಲ್ಲಿ. ಕ್ಯಾಚ್ ಕ್ಯಾನ್ ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುತ್ತದೆ, ನೀವು ಆಗಾಗ ಖಾಲಿ ಮಾಡಬೇಕು. ಅದನ್ನು ತಂಪಾದ ಜಾಗದಲ್ಲಿ ಇಡಬೇಕು, ತಂಪಾದಷ್ಟೂ ಆವಿ ಹನಿಯಾಗಿ ಇಳಿಯುತ್ತದೆ. ಸೆಪರೇಟರ್ ಆಯಿಲನ್ನು ಒಂದು ಹೋಸ್ ಮೂಲಕ ವಾಪಸ್ ಎಂಜಿನ್‌ಗೆ ಬಿಡುತ್ತದೆ. ಇಲ್ಲಿ ತಂಪು ಕೆಲಸ ಕೆಡಿಸುತ್ತದೆ. ತಂಪಾದರೆ ನೀರೂ ಪೆಟ್ರೋಲೂ ಹನಿಯಾಗಿ ಆಯಿಲ್ ಜೊತೆ ಸಂಪ್‌ಗೆ ಇಳಿಯುತ್ತವೆ. ಅದಕ್ಕೆ ಒಳ್ಳೆಯ ಸೆಪರೇಟರ್‌ಗಳ ಮೈಯಲ್ಲಿ ಎಂಜಿನ್ ಕೂಲೆಂಟ್ ಹರಿಸುತ್ತಾರೆ. ಬಿಸಿಯಾಗಿರುವುದರಿಂದ ನೀರು ಆವಿಯಾಗಿಯೇ ಉಳಿದು ಇನ್‌ಟೇಕ್‌ಗೆ ಹೋಗುತ್ತದೆ, ಆಯಿಲ್ ಮಾತ್ರ ಕೆಳಗಿಳಿಯುತ್ತದೆ. ಕೂಲೆಂಟ್ ಬಿಸಿ ಇಲ್ಲದ, ಆಯಿಲ್ ವಾಪಸ್ ಬಿಡುವ ಸೆಪರೇಟರ್ ನನ್ನ ಮಟ್ಟಿಗೆ ಬೇಡವೇ ಬೇಡ.

ಸುಬಾರುವಿನಂಥ ಬಾಕ್ಸರ್ ಎಂಜಿನ್‌ಗಳಲ್ಲಿ ಇಂಥ ಸೆಪರೇಟರ್ ಬಹಳ ಬಳಕೆಯಲ್ಲಿದೆ, ಅದಕ್ಕೆ ಕಾರಣವೂ ಇದೆ. ಅಲ್ಲಿ ಸಿಲಿಂಡರ್‌ಗಳು ಅಕ್ಕಪಕ್ಕಕ್ಕೆ ಮಲಗಿರುತ್ತವೆ. ವೇಗದಲ್ಲಿ ಉದ್ದನೆಯ ತಿರುವು ತೆಗೆದುಕೊಂಡಾಗ ಆಯಿಲ್ ಒಂದು ಬದಿಯ ಹೆಡ್‌ಗೆ ಹರಿದು, ಅಲ್ಲಿನ ಬ್ರೀದರ್‌ನಿಂದ ಮಂಜಾಗಿ ಅಲ್ಲ, ಹನಿಯಾಗಿಯೂ ಅಲ್ಲ, ಧಾರೆಯಾಗಿಯೇ ಹೊರಗೆ ಬರಬಹುದು. ಆಗ ಕ್ಯಾಚ್ ಕ್ಯಾನ್ ಬೇಗ ತುಂಬುತ್ತದೆ, ಸಂಪ್‌ನಲ್ಲಿ ಆಯಿಲ್ ಕಡಿಮೆಯಾಗುತ್ತದೆ. ವಾಪಸ್ ಬಿಡುವುದೇ ಅಲ್ಲಿ ಸರಿ. ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ಅನೇಕ ಕಾರುಗಳಿಗೂ ಇದೇ ಮಾತು. ನಿಮ್ಮದು ದಿನನಿತ್ಯ ಓಡಿಸುವ ಕಾರು, ಸಿಲಿಂಡರ್‌ಗಳು ನೆಟ್ಟಗಿರುವ ಎಂಜಿನ್ ಆಗಿದ್ದರೆ ಒಳಗೆ ಸರಿಯಾದ ಜಾಲರಿ ಇರುವ ಕ್ಯಾಚ್ ಕ್ಯಾನ್ ಸಾಕು. ಜೋಡಿಸುವುದು ಸುಲಭ, ಕೂಲೆಂಟ್ ಹೋಸ್ ಮುಟ್ಟಬೇಕಾಗಿಲ್ಲ. ಇನ್ನೊಂದು ಲಾಭವೂ ಇದೆ: ಎಷ್ಟು ಆಯಿಲ್ ಬರುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ. ಎಂಜಿನ್ ಆರೋಗ್ಯಕ್ಕೆ ಅದೊಂದು ಒಳ್ಳೆಯ ಸೂಚನೆ. ಆದರೆ ಖಾಲಿ ಮಾಡಲು ಮರೆಯುವ ಸ್ವಭಾವ ಇದ್ದರೆ ಕ್ಯಾನ್ ಹಾಕಿಸಬೇಡಿ. ಇದನ್ನು ಗಂಭೀರವಾಗಿಯೇ ಹೇಳುತ್ತಿದ್ದೇನೆ.

ಏನೇ ಕೊಳ್ಳುವ ಮೊದಲು ಎಂಜಿನ್ ಪರೀಕ್ಷೆ ಮಾಡಿಸಿ. ಲೀಕ್-ಡೌನ್ ಪರೀಕ್ಷೆ ಅಂತ ಇದೆ. ಸಿಲಿಂಡರ್‌ಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುತ್ತಾರೆ. ಶೇಕಡಾ 10ರ ಒಳಗಿದ್ದರೆ ಒಳ್ಳೆಯದು. 20 ದಾಟಿದರೆ, ಆಯಿಲ್ ತುಂಬುವ ಬಾಯಿಯ ಹತ್ತಿರ ಕಿವಿಯಿಟ್ಟಾಗ ಗಾಳಿ ಬುಸುಗುಟ್ಟುವುದು ಕೇಳಿಸಿದರೆ, ರಿಂಗುಗಳು ಸವೆದಿವೆ. ಅಂಥ ಎಂಜಿನ್‌ಗೆ ಕ್ಯಾನ್ ಹಾಕಿದರೆ ಕಾಯಿಲೆ ಮುಚ್ಚಿಟ್ಟಂತೆ. ಪಿಸಿವಿ ವಾಲ್ವನ್ನೂ ನೋಡಿಸಿ. ಅನೇಕ ಹೊಸ ಎಂಜಿನ್‌ಗಳಲ್ಲಿ ಅದು ಪ್ರತ್ಯೇಕ ವಾಲ್ವ್ ಅಲ್ಲ, ವಾಲ್ವ್ ಕವರ್ ಒಳಗೇ ತೆಳ್ಳನೆಯ ರಬ್ಬರ್ ಪೊರೆಯ ರೂಪದಲ್ಲಿರುತ್ತದೆ, ಜೊತೆಗೆ ಕಂಪನಿಯದೇ ಒಂದು ಸೆಪರೇಟರ್ ಕೂಡ ಇರುತ್ತದೆ. ಪೊರೆ ಹರಿದರೆ ಐಡ್ಲಿಂಗ್‌ನಲ್ಲಿ ಸಿಳ್ಳೆಯಂಥ ಸದ್ದು ಬರುತ್ತದೆ, ಆಯಿಲ್ ಮುಚ್ಚಳ ಎತ್ತಲು ಹೋದರೆ ಒಳಕ್ಕೆ ಹೀರಿ ಹಿಡಿದಂತಾಗುತ್ತದೆ, ಆಯಿಲ್ ಖರ್ಚು ಏರುತ್ತದೆ. ಎಷ್ಟೋ ಜನರಿಗೆ ಬೇಕಾಗಿರುವುದು ಹೊಸ ಪೊರೆ ಅಷ್ಟೇ, ಕ್ಯಾನ್ ಅಲ್ಲ. ಟರ್ಬೊ ಡ್ರೈನ್ ಪೈಪ್ ಒಳಗೆ ಕರಿ ಕಟ್ಟಿದೆಯಾ, ಸಂಪ್‌ನಲ್ಲಿ ಆಯಿಲ್ ಮಟ್ಟ ಮೀರಿ ತುಂಬಿದೆಯಾ ಅನ್ನುವುದನ್ನೂ ನೋಡಿ.

ಎಲ್ಲ ಸರಿ ಇದ್ದರೆ ಜೋಡಿಸುವ ಕೆಲಸ. ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಕಂಪನಿ ಹೋಸ್‌ಗಳು ಹೇಗಿವೆಯೋ ಹಾಗೆ ಮೊದಲು ಫೋಟೊ ತೆಗೆದುಕೊಳ್ಳಿ. ಪಿಸಿವಿ ಹಾದಿಯ ಕ್ಯಾನ್ ಪಿಸಿವಿ ವಾಲ್ವ್ ಮತ್ತು ಮ್ಯಾನಿಫೋಲ್ಡ್ ನಡುವೆ ಕೂರಬೇಕು. ಕಂಪನಿ ವಾಲ್ವನ್ನು ತೆಗೆಯಬೇಡಿ. ಮ್ಯಾನಿಫೋಲ್ಡ್ ಮತ್ತು ಕ್ಯಾನ್ ನಡುವೆ ಇನ್ನೊಂದು ಒಮ್ಮುಖ ವಾಲ್ವ್ ಹಾಕಿದರೆ ಒಳ್ಳೆಯದು, ಇಲ್ಲದಿದ್ದರೆ ಬೂಸ್ಟ್ ಒತ್ತಡ ಕ್ಯಾನ್ ಒಳಗೆ ಬರುತ್ತದೆ. ಅದರ ಮೇಲಿನ ಬಾಣ ಮ್ಯಾನಿಫೋಲ್ಡ್ ಕಡೆ ಇರಬೇಕು. ತಿರುಗುಮುರುಗಾದರೆ ಬೂಸ್ಟ್ ಬಂದಾಗಲೆಲ್ಲ ಕ್ಯಾನ್ ಒಳಕ್ಕೆ ಒತ್ತಡ ತುಂಬುತ್ತದೆ, ಬೂಸ್ಟ್ ಇಲ್ಲದಾಗ ಪಿಸಿವಿ ಕೆಲಸವೇ ಮಾಡುವುದಿಲ್ಲ. ಬಾಯಿಂದ ಊದಿ ನೋಡಿ ಖಾತ್ರಿ ಮಾಡಿಕೊಂಡೇ ಹಾಕಿ.

ಬ್ರೀದರ್ ಹಾದಿಯ ಕ್ಯಾನ್ ಎಂಜಿನ್ ಬ್ರೀದರ್ ಮತ್ತು ಟರ್ಬೊ ಮುಂದಿನ ಪೈಪ್ ನಡುವೆ ಕೂರುತ್ತದೆ. ಇಲ್ಲಿ ಒಮ್ಮುಖ ವಾಲ್ವ್ ಹಾಕಲೇಬೇಡಿ. ಈ ಹೋಸ್‌ನಲ್ಲಿ ಗಾಳಿ ಎರಡೂ ಕಡೆ ಹರಿಯುತ್ತದೆ ಅಂತ ಮೊದಲೇ ಹೇಳಿದೆ, ಅಲ್ವಾ? ಒಂದು ಕಡೆ ತಡೆದರೆ ಬೂಸ್ಟ್‌ನಲ್ಲಿ ಉಸಿರು ಕಟ್ಟುತ್ತದೆ, ಇನ್ನೊಂದು ಕಡೆ ತಡೆದರೆ ಶುದ್ಧ ಗಾಳಿ ಬರುವುದಿಲ್ಲ. ಎರಡೂ ಹಾದಿಗೆ ಎರಡು ಕ್ಯಾನ್ ಹಾಕಬಹುದು, ಅಥವಾ ಎರಡು ಹೊರದಾರಿ ಇರುವ ಒಂದೇ ಕ್ಯಾನ್. ಒಂದೇ ಕ್ಯಾನ್‌ಗೆ ಎರಡೂ ಹೋಸ್ ಸೇರಿಸಿದಾಗ ಶುದ್ಧ ಗಾಳಿ ಎಂಜಿನ್ ಒಳಗೆ ಸುತ್ತಿ ಬರದೆ ಕ್ಯಾನ್‌ನಿಂದಲೇ ಅಡ್ಡದಾರಿ ಹಿಡಿದು ಮ್ಯಾನಿಫೋಲ್ಡ್‌ಗೆ ಹೋಗಬಹುದು. ಹಾಗಾಗಿ ಇಂಥ ಎಂಜಿನ್‌ಗೆ ನನ್ನ ಆಯ್ಕೆ ಎರಡು ಬೇರೆ ಕ್ಯಾನ್. ನಿಮ್ಮ ದೂರು ಇಂಟರ್‌ಕೂಲರ್ ಜಿಡ್ಡಿನದು ಆದ್ದರಿಂದ ಒಂದನ್ನೇ ಹಾಕುವುದಾದರೆ ಬ್ರೀದರ್ ಕಡೆ ಹಾಕಿ. ವಾಲ್ವ್ ಮೇಲಿನ ಇಂಗಾಲದ ಚಿಂತೆ ಇದ್ದರೆ ಪಿಸಿವಿ ಕಡೆಯೂ ಬೇಕು.

ಕೆಲವರು ಪಿಸಿವಿ ಹಾದಿಯನ್ನು ಮುಚ್ಚಿ, ಕ್ಯಾನ್ ಮೇಲೆ ಸಣ್ಣ ಫಿಲ್ಟರ್ ಇಟ್ಟು ಗ್ಯಾಸನ್ನು ಹೊರಗೆ ಬಿಡುತ್ತಾರೆ. ಟ್ರ್ಯಾಕ್‌ಗೆ ಮೀಸಲಾದ ರೇಸ್ ಕಾರುಗಳಿಗೆ ಬೇರೆ ನಿಯಮಗಳಿವೆ. ಅಂತರರಾಷ್ಟ್ರೀಯ ಮೋಟಾರು ಕ್ರೀಡಾ ಸಂಸ್ಥೆ ಎಫ್‌ಐಎ ನಿಯಮದಲ್ಲಿ ಬ್ರೀದರ್ ಹೊರಕ್ಕೆ ತೆರೆದಿದ್ದರೆ 2,000 ಸಿಸಿವರೆಗಿನ ಎಂಜಿನ್‌ಗೆ ಕನಿಷ್ಠ 2 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 3 ಲೀಟರ್ ಕ್ಯಾನ್ ಬೇಕು, ಟ್ರ್ಯಾಕ್ ಮೇಲೆ ಆಯಿಲ್ ಚೆಲ್ಲಬಾರದು ಅಂತ. ರಸ್ತೆಯ ಕಾರಿಗೆ ಇದು ಬೇಡ. ಅನೇಕ ದೇಶಗಳಲ್ಲಿ ಕಾನೂನು ಒಪ್ಪುವುದಿಲ್ಲ. ಕಾನೂನು ಬಿಟ್ಟು ನೋಡಿದರೂ, ಒಳಗಿನ ಆವಿಯನ್ನು ಎಳೆದು ತೆಗೆಯುವ ವ್ಯಾಕ್ಯೂಮ್ ಇಲ್ಲದೆ ಆಯಿಲ್ ಬೇಗ ಕೆಡುತ್ತದೆ, ವಾಸನೆ ಕಾರಿನ ಒಳಗೆ ಬರುತ್ತದೆ. ಗಾಳಿ ಅಳೆಯುವ ಸೆನ್ಸರ್ ಇರುವ ಕಾರಿನಲ್ಲಿ ಹೋಸ್ ತೆಗೆದ ಬಾಯಿಗಳನ್ನು ಸರಿಯಾಗಿ ಮುಚ್ಚದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಸುಳಿ ಮಿಶ್ರಣ ತೆಳುವಾಗುತ್ತದೆ, ಚೆಕ್ ಎಂಜಿನ್ ದೀಪ ಹತ್ತಬಹುದು. ಮುಚ್ಚಿದ ವ್ಯವಸ್ಥೆ ಮುಚ್ಚಿದ್ದೇ ಆಗಿರಲಿ. ವಾರಂಟಿ ಇನ್ನೂ ಇದ್ದರೆ ಹಾಕಿಸುವ ಮೊದಲು ಅದರ ಷರತ್ತು ಓದಿ.

ಕ್ಯಾನ್‌ನ ಜಾಗ ಟರ್ಬೊ, ಎಕ್ಸಾಸ್ಟ್‌ಗಳಿಂದ ದೂರ ಇರಬೇಕು. ಹೋಸ್ ಕಳಚಿ ಆಯಿಲ್ ಚೆಲ್ಲಿದರೂ ಕೆಂಪಗೆ ಕಾದ ಲೋಹದ ಮೇಲೆ ಬೀಳಬಾರದು. ಕ್ಯಾನ್ ಬಾಡಿಗೆ ಬಿಗಿದರೆ ಹೋಸ್‌ಗೆ ಸ್ವಲ್ಪ ಸಡಿಲ ಬಿಡಿ, ಎಂಜಿನ್ ತನ್ನ ಮೌಂಟ್ ಮೇಲೆ ಅಲುಗಾಡುತ್ತದೆ. ಎಂಜಿನ್‌ನಿಂದ ಕ್ಯಾನ್‌ಗೆ ಬರುವ ಹೋಸ್‌ನಲ್ಲಿ ಜೋಲು ಬಿದ್ದ ತಗ್ಗು ಇರಬಾರದು. ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ, ಹಿಮ ಬೀಳುವಷ್ಟು ಚಳಿಯ ಕಡೆ ಅದು ಹೆಪ್ಪುಗಟ್ಟಿ ದಾರಿ ಪೂರ್ತಿ ಮುಚ್ಚುತ್ತದೆ. ಆಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡುವ ಕಡ್ಡಿ) ತಾನಾಗೇ ಮೇಲೆದ್ದು ಬಂದರೂ ಆಶ್ಚರ್ಯವಿಲ್ಲ. ನೀವು ಬಿಸಿ ಸೆಪರೇಟರ್ ಆರಿಸಿಕೊಂಡರೆ ಅದು ಆಯಿಲ್ ಇಳಿಯುವ ಜಾಗಕ್ಕಿಂತ ಚೆನ್ನಾಗಿ ಎತ್ತರದಲ್ಲಿರಬೇಕು, ಡ್ರೈನ್ ಹೋಸ್ ಉದ್ದಕ್ಕೂ ಇಳಿಜಾರಾಗಿರಬೇಕು. ಕೂಲೆಂಟ್ ತುಂಬಿದ ಮೇಲೆ ಸಿಕ್ಕಿಕೊಂಡ ಗಾಳಿಯನ್ನು ಹೊರತೆಗೆಯಬೇಕು. ಈ ಕೆಲಸ ಅಭ್ಯಾಸ ಇಲ್ಲದಿದ್ದರೆ ಮೆಕ್ಯಾನಿಕ್‌ಗೆ ಬಿಡಿ. ಕ್ಯಾಚ್ ಕ್ಯಾನ್ ಆದರೆ ಸ್ಪ್ಯಾನರ್ ಹಿಡಿದು ಗೊತ್ತಿರುವ ಯಾರಾದರೂ ಅರ್ಧ ದಿನದಲ್ಲಿ ಜೋಡಿಸಬಹುದು.

ಜೋಡಿಸಿದ ಮೇಲೆ ಬಹುತೇಕರು ಬಿಟ್ಟುಬಿಡುವ ಒಂದು ಪರೀಕ್ಷೆ ಇದೆ, ನನಗೆ ಅದೇ ಎಲ್ಲಕ್ಕಿಂತ ಮುಖ್ಯ. ಕ್ರ್ಯಾಂಕ್‌ಕೇಸ್ ಒತ್ತಡವನ್ನು ಅಳೆಯಿರಿ. ಸಣ್ಣ ಒತ್ತಡ ತೋರಿಸುವ ಡಿಜಿಟಲ್ ಮ್ಯಾನೊಮೀಟರ್ ಸಿಗುತ್ತದೆ. ಅದರ ಕೊಳವೆಯನ್ನು ಡಿಪ್‌ಸ್ಟಿಕ್ ತೂತಿಗೆ ಗಾಳಿ ಸೋರದಂತೆ ಸಿಕ್ಕಿಸಿ. ಕ್ಯಾನ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಅಳೆದು ಬರೆದಿಡಿ. ಐಡ್ಲಿಂಗ್‌ನಲ್ಲಿ ಹೊರಗಿನ ಗಾಳಿಗಿಂತ ಸ್ವಲ್ಪ ಕಡಿಮೆ ಇರಬೇಕು. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು, ಖಾಲಿ ರಸ್ತೆಯಲ್ಲಿ ಬೂಸ್ಟ್ ಬರುವಂತೆ ಓಡಿಸಿ. ಮೀಟರ್ ನೋಡುವ ಕೆಲಸ ಅವರದು, ನಿಮ್ಮ ಕಣ್ಣು ರಸ್ತೆಯ ಮೇಲಿರಲಿ. ಕ್ಯಾನ್ ಹಾಕಿದ ಮೇಲೆ ಬೂಸ್ಟ್‌ನಲ್ಲಿ ಒತ್ತಡ ಮೊದಲಿಗಿಂತ ಎದ್ದು ಕಾಣುವಷ್ಟು ಏರಿದ್ದರೆ ಎಲ್ಲೋ ಇಕ್ಕಟ್ಟಿದೆ. ಫಿಟ್ಟಿಂಗ್, ಬಾಗು, ಜಾಲರಿ ಒಂದೊಂದಾಗಿ ಹುಡುಕಿ. ಅದು ಸರಿಹೋಗುವವರೆಗೆ ಹಳೆಯ ಹೋಸ್‌ಗಳನ್ನೇ ಹಾಕಿಕೊಂಡು ಓಡಿಸಿ.

ಮೊದಲ ಸಲ 500 ಕಿಲೋಮೀಟರ್‌ಗೆ ಕ್ಯಾನ್ ಬಿಚ್ಚಿ ನೋಡಿ. ಎಷ್ಟು ತುಂಬಿದೆ ಅನ್ನುವುದರ ಮೇಲೆ ಮುಂದಿನ ಲೆಕ್ಕ ಹಾಕಿ. ಯಾವತ್ತೂ ಅರ್ಧ ದಾಟಲು ಬಿಡಬೇಡಿ. ಸಣ್ಣ ಸಣ್ಣ ಓಡಾಟ, ಚಳಿ ಇದ್ದರೆ ನೀರು ಜಾಸ್ತಿ ಬರುತ್ತದೆ, ಬೇಗ ತುಂಬುತ್ತದೆ. ಒಳಗೆ ಹಾಲು ಬೆರೆಸಿದ ಕಾಫಿ ಬಣ್ಣದ ದ್ರವ ಸಿಕ್ಕರೆ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಆಯಿಲ್‌ಗೆ ಸೇರಿತು ಅಂತ ಹೆದರಬೇಡಿ. ಅದು ಆಯಿಲ್ ಮತ್ತು ನೀರಿನ ಆವಿ ಬೆರೆತದ್ದು. ರೇಡಿಯೇಟರ್‌ನಲ್ಲಿ ಕೂಲೆಂಟ್ ಇಳಿಯುತ್ತಿದ್ದರೆ ಮಾತ್ರ ಅನುಮಾನ ಪಡಿ. ಆ ದ್ರವದಲ್ಲಿ ಪೆಟ್ರೋಲ್ ಇರುತ್ತದೆ, ಆಮ್ಲ ಇರುತ್ತದೆ. ಎಂಜಿನ್‌ಗೆ ವಾಪಸ್ ಸುರಿಯಬೇಡಿ, ಮೋರಿಗೂ ಬೇಡ. ಹಳೆಯ ಎಂಜಿನ್ ಆಯಿಲ್ ಜೊತೆ ಕೊಡಿ. ತಿಂಗಳಿಂದ ತಿಂಗಳಿಗೆ ಪ್ರಮಾಣ ಏರುತ್ತಾ ಹೋದರೆ ಲೀಕ್-ಡೌನ್ ಪರೀಕ್ಷೆ ಮತ್ತೆ ಮಾಡಿಸಿ.

ಟರ್ಬೊ ಡೀಸೆಲ್ ಕಾರು ಇರುವವರಿಗೂ ಒಂದು ಎಚ್ಚರಿಕೆ. ಅಲ್ಲಿ ಸಾಮಾನ್ಯವಾಗಿ ಒಂದೇ ಹಾದಿ, ಬ್ರೀದರ್‌ನಿಂದ ಟರ್ಬೊಗೆ. ಜೋಡಿಸುವುದು ಸುಲಭ. ಇಜಿಆರ್ (ಸುಟ್ಟ ಗ್ಯಾಸಿನ ಒಂದು ಪಾಲನ್ನು ವಾಪಸ್ ಇನ್‌ಟೇಕ್‌ಗೆ ಕಳಿಸುವ ವ್ಯವಸ್ಥೆ) ತರುವ ಮಸಿ ಮತ್ತು ಆಯಿಲ್ ಸೇರಿ ಇನ್‌ಟೇಕ್‌ನಲ್ಲಿ ಟಾರಿನಂತೆ ಕಟ್ಟುವುದರಿಂದ ಲಾಭವೂ ಇದೆ. ಆದರೆ ಡೀಸೆಲ್ ಎಂಜಿನ್‌ಗೆ ಸ್ಪಾರ್ಕ್ ಬೇಕಿಲ್ಲ, ಆಯಿಲ್ ಸಿಕ್ಕರೂ ಅದರ ಮೇಲೇ ಓಡುತ್ತದೆ. ತುಂಬಿದ ಕ್ಯಾನ್‌ನಿಂದ ಆಯಿಲ್ ಒಮ್ಮೆಲೇ ಟರ್ಬೊಗೆ ಹೋದರೆ ಎಂಜಿನ್ ತಾನಾಗೇ ವೇಗ ಏರಿಸಿಕೊಳ್ಳುತ್ತದೆ, ಕೀ ತೆಗೆದರೂ ನಿಲ್ಲುವುದಿಲ್ಲ. ಹಾಗಾಗಿ ಡೀಸೆಲ್‌ನಲ್ಲಿ ಕ್ಯಾನ್ ಖಾಲಿ ಮಾಡುವುದನ್ನು ಒಂದು ಸಲವೂ ಮುಂದೂಡಬೇಡಿ, ಮಟ್ಟ ಹೊರಗಿನಿಂದ ಕಾಣುವ ಕ್ಯಾನನ್ನೇ ಆರಿಸಿ.

ನಿಮ್ಮ ಕಾರಿಗೆ ನಾನಾಗಿದ್ದರೆ ಮಾಡುವ ಕ್ರಮ ಇದು. ಈ ತಿಂಗಳು ಲೀಕ್-ಡೌನ್ ಪರೀಕ್ಷೆ, ಪಿಸಿವಿ ತಪಾಸಣೆ, ಎಸ್‌ಪಿ ದರ್ಜೆಯ ಹೊಸ ಆಯಿಲ್. ಇಂಟರ್‌ಕೂಲರ್ ಪೈಪನ್ನು ಒರೆಸಿ ಶುಚಿ ಮಾಡಿ, 5,000 ಕಿಲೋಮೀಟರ್ ಓಡಿಸಿ ಮತ್ತೆ ಬಿಚ್ಚಿ ನೋಡಿ. ತೆಳ್ಳನೆಯ ಪಸೆ ಮಾತ್ರ ಕಂಡರೆ ಏನೂ ಹಾಕಿಸದೆ ಬಿಟ್ಟರೂ ನಡೆಯುತ್ತದೆ. ಕೆಳಭಾಗದಲ್ಲಿ ಆಯಿಲ್ ನಿಂತಿದ್ದರೆ ಮೊದಲು ಬ್ರೀದರ್ ಕಡೆಗೆ ದೊಡ್ಡ ಬಾಯಿಯ ಕ್ಯಾನ್ ಹಾಕಿ, ಒತ್ತಡ ಅಳೆದು, ಆಮೇಲೆ ಪಿಸಿವಿ ಕಡೆಯದರ ಯೋಚನೆ ಮಾಡಿ. ಮ್ಯಾನೊಮೀಟರ್ ಅಂಕಿ ಎರಡೂ ಸಲದ್ದು ಬರೆದು ಕಳಿಸಿದರೆ ಮುಂದಿನ ಹೆಜ್ಜೆ ಒಟ್ಟಿಗೆ ನೋಡೋಣ.